ಟೆಕ್ಸಾಸಿನಲ್ಲಿ ಕ್ಯಾಟಲಾನ್ ಗಮಕ

ಶನಿವಾರ ಬೆಳಿಗ್ಗೆ ಆರೂವರೆಗೆ ಡಲ್ಲಾಸ್ ಪಕ್ಕದ ನಮ್ಮೂರು ಫ್ಲವರ್ ಮೌಂಡ್ ಬಿಟ್ಟೆವು. ಹ್ಯೂಸ್ಟನ್‌ಗೆ ಇನ್ನೂರ ಅರವತ್ತು ಮೈಲಿ, ಮರುದಿನ ಅಲ್ಲಿಂದ ಆಸ್ಟಿನ್‌ಗೆ ನೂರ ಅರವತ್ತೈದು, ಆಸ್ಟಿನ್‌ನಿಂದ ಮನೆಗೆ ಇನ್ನೊಂದು ಇನ್ನೂರು. ಹಿಂದಿನ ಸೀಟಿನಲ್ಲಿ ಇಡ್ಲಿ, ಚಟ್ನಿಪುಡಿ, ಮೊಸರನ್ನದ ಡಬ್ಬಿಗಳು. ನನ್ನ ಕೈಚೀಲದಲ್ಲಿ ನಲವತ್ತು ಕಾರ್ಡುಗಳು, ಕಾರ್ಡಿಗೊಬ್ಬರಂತೆ ನಲವತ್ತು ಜನ ಕ್ಯಾಟಲಾನ್ ಸಾಹಿತಿಗಳು.

ಬಾಗಿಲಲ್ಲಿ ನಿಂತ ನಮ್ಮ ಯಜಮಾನರು ಕಾಫಿ ಲೋಟ ಹಿಡಿದೇ ಕೇಳಿದರು: "ಕಲಿಯೋದೇ ಆಗಿದ್ರೆ ತೆಲುಗು ಕಲೀಬಾರದಿತ್ತಾ ಸುಧಾ? ಬೀದಿ ತುಂಬಾ ಪ್ರಾಕ್ಟೀಸ್ ಆಗ್ತಿತ್ತು."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕ್ಯಾಟಲಾನ್ ಎಂದರೆ ಬಾರ್ಸಿಲೋನಾ ಕಡೆಯ ಭಾಷೆ. ಮೈಸೂರಿನವಳಾದ, ಹಗಲೆಲ್ಲ ಸಾಫ್ಟ್‌ವೇರ್ ಟೆಸ್ಟ್ ಮಾಡುವ ನನಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಎರಡು ವರ್ಷದ ಹಿಂದೆ ಲೈಬ್ರರಿಯಲ್ಲಿ ಸ್ಪ್ಯಾನಿಷ್ ಕ್ಲಾಸಿಗೆಂದು ಹೋಗಿ ಪಕ್ಕದ ಕೋಣೆಯಲ್ಲಿ ಕೂತಿದ್ದೆ. ತಪ್ಪು ಗೊತ್ತಾಗುವ ಹೊತ್ತಿಗೆ ಟೀಚರು ತಂದಿದ್ದ, ಟೊಮೆಟೊ ಉಜ್ಜಿ ಎಣ್ಣೆ ಹನಿಸಿದ ಬ್ರೆಡ್ಡನ್ನು ಎರಡು ಸಲ ಹಾಕಿಸಿಕೊಂಡಾಗಿತ್ತು. ತಿಂದಮೇಲೆ ಎದ್ದು ಹೋಗುವುದು ಸಭ್ಯತೆಯಲ್ಲ ಎಂದು ಕೂತವಳು ಕೂತೇ ಬಿಟ್ಟೆ.

ಆ ಟೀಚರು ನೂರಿಯಾ, ಎಪ್ಪತ್ತಾರು ವರ್ಷದವರು. ತಿಂಗಳಿಗೊಮ್ಮೆ ಹ್ಯೂಸ್ಟನ್‌ನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದು ನಮ್ಮ ಡಲ್ಲಾಸ್ ಕ್ಲಾಸ್ ನಡೆಸುತ್ತಿದ್ದರು. ಈಗ ಕಣ್ಣಿನ ಡಾಕ್ಟರು ಹೈವೇ ಬೇಡ ಎಂದಿದ್ದಾರೆ. ಬೇರೆ ಯಾರಾದರೂ ವಹಿಸಿಕೊಳ್ಳದಿದ್ದರೆ ಕ್ಲಾಸ್ ಮುಚ್ಚುತ್ತದೆ. ನಾನು ವಹಿಸಿಕೊಳ್ಳುತ್ತೇನೆ ಎಂದೆ. ಅವರು ಒಂದು ಷರತ್ತು ಹಾಕಿದರು: ಭಾನುವಾರ ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಲ್ಲಿ ಕ್ಯಾಟಲಾನ್ ಜನರ ಪುಸ್ತಕದ ಹಬ್ಬ. ಅಲ್ಲಿ ಭಾಷೆಯ ಗಂಧವೇ ಇಲ್ಲದ ಹೊಸಬರಿಗೆ ನಾನು ಕ್ಯಾಟಲಾನ್ ಸಾಹಿತ್ಯದ ಪರಿಚಯ ಮಾಡಿಕೊಡಬೇಕು. ಅವರಲ್ಲಿ ಒಬ್ಬರಾದರೂ ತಾವಾಗಿಯೇ "ಇನ್ನಷ್ಟು ಕಲಿಯಬೇಕು" ಎನ್ನಬೇಕು. ಆ ಕ್ಲಾಸು ನನಗೆ ಬೇಕಿತ್ತು. ವಾರವೆಲ್ಲ ಬೇರೆಯವರ ತಪ್ಪು ಹುಡುಕುವ ನನಗೆ, ನಾನೇ ಖುಷಿಯಾಗಿ ತಪ್ಪು ಮಾಡಬಹುದಾದ ಜಾಗ ಅದೊಂದೇ.

ಜೊತೆಗೆ ಬಂದವಳು ನಸ್ರೀನ್, ಹುಬ್ಬಳ್ಳಿಯ ಹುಡುಗಿ. ಡಲ್ಲಾಸ್‌ನಲ್ಲಿ ಎಂ.ಎಸ್. ಓದುತ್ತಾಳೆ, ನನ್ನ ಜೊತೆಯೇ ಕ್ಲಾಸಿಗೆ ಬರುತ್ತಾಳೆ. ನಾನು ಡ್ರೈವ್ ಮಾಡುತ್ತಿದ್ದೆ, ಅವಳು ಕಾರ್ಡು ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಕೊರ್ಸಿಕಾನಾ ದಾಟುವಾಗ ಹದಿಮೂರನೇ ಶತಮಾನ: ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ತತ್ವಶಾಸ್ತ್ರ ಬರೆದವರು, ತಮ್ಮ ಯುದ್ಧಗಳ ಕಥೆಯನ್ನು ತಾವೇ ಹೇಳಿ ಬರೆಸಿದ ರಾಜರು. ಆಮೇಲೆ ಕೆಲವು ಶತಮಾನಗಳ ಮಂಪರು. ಪೆಟ್ರೋಲಿಗೆ ನಿಂತಾಗ ಹತ್ತೊಂಬತ್ತನೇ ಶತಮಾನದ ಹೊಸ ಹುರುಪು, ಗೆದ್ದ ಕವಿಗೆ ಹೂವು ಬಹುಮಾನ ಕೊಡುವ ಸ್ಪರ್ಧೆಗಳು.

"ಹೂವಿನ ಸಲುವಾಗಿ ಕವಿತಾ ಬರದ್ರೇನ್ರಿ ಆಂಟಿ?"

"ಬರೆದ್ರಂತೆ ಕಣೇ."

"ಛಲೋ ಮಂದಿ ಬಿಡ್ರಿ."

ಹಂಟ್ಸ್‌ವಿಲ್‌ನ ಪೈನ್ ಮರಗಳ ನಡುವೆ ಕಳೆದ ಶತಮಾನಕ್ಕೆ ಬಂದೆವು. ಸರ್ವಾಧಿಕಾರದ ಕಾಲ, ಶಾಲೆಗಳಲ್ಲಿ ಆ ಭಾಷೆಯನ್ನು ಕಲಿಸುವಂತಿರಲಿಲ್ಲ. ಕವಿ, ಕಾಲ, ಸ್ಥಳ, ಕೃತಿ, ಬಿರುದು ಒಂದೂ ತಪ್ಪದೆ ಒಪ್ಪಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ಕವಿಪರಿಚಯಕ್ಕೆ ಪೂರ್ತಿ ಅಂಕ ತೆಗೆದವಳು ನಾನು, ಇದ್ಯಾವ ಮಹಾ ಎಂಬ ಜಂಬವಿತ್ತು.

ಹ್ಯೂಸ್ಟನ್‌ನಲ್ಲಿ ಕಾರಿಳಿದರೆ ಕನ್ನಡಕಕ್ಕೆ ಮಂಜು ಹಿಡಿಯುವಷ್ಟು ಸೆಕೆ. ನೂರಿಯಾ ಪಾಲಕ್ ಸೊಪ್ಪಿಗೆ ಒಣದ್ರಾಕ್ಷಿ ಹಾಕಿ ಹುರಿದಿದ್ದರು. ಮೊದಲ ತುತ್ತಿಗೆ ಅನುಮಾನ ಬಂತು, ಮೂರನೆಯದಕ್ಕೆ ಇನ್ನೊಂದು ಸೌಟು ಬಡಿಸಿಕೊಂಡೆ. ಊಟವಾದ ಮೇಲೆ ನಿಂತು ನನ್ನ ಭಾಷಣ ಒಪ್ಪಿಸಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ನೂರಿಯಾ ಮಿಸುಕದೆ ಕೇಳಿಸಿಕೊಂಡರು.

"ಎಲ್ಲರೂ ಯಾವಾಗ ಸತ್ತರು ಅಂತ ಚೆನ್ನಾಗಿ ತಿಳೀತು ಸುಧಾ," ಎಂದರು. "ಒಬ್ಬರಾದರೂ ಬದುಕಿದ್ದರಾ?"

ನಸ್ರೀನ್ ಕಿಸಕ್ಕೆಂದಳು. ನನಗೆ ಅಳುವೇ ಬಂತು. ಐವತ್ತೆರಡನೇ ವಯಸ್ಸಿನಲ್ಲಿ ಎಳೆಹುಡುಗಿಯ ಎದುರು ಫೇಲಾಗುವುದು ಸುಮ್ಮನೆ ಮಾತಲ್ಲ. ನೂರಿಯಾ ಎದ್ದು ಹೋಗಿ, ಎಣ್ಣೆಕಲೆಯಾದ ಒಂದು ನೋಟ್‌ಬುಕ್ ತಂದರು. ಅವರ ಅಮ್ಮನ ಅಡುಗೆ ಪುಸ್ತಕ. ಎರಡು ಸಾರುಗಳ ನಡುವೆ ನಾಲ್ಕು ಸಾಲಿನ ಒಂದು ಪದ್ಯವಿತ್ತು.

"ಅಮ್ಮನಿಗೆ ತನ್ನ ಭಾಷೆ ಬರೆಯೋದನ್ನ ಯಾರೂ ಕಲಿಸಲಿಲ್ಲ. ಕಿವಿಗೆ ಕೇಳಿಸಿದ ಹಾಗೆ ಬರೆದಿದ್ದಾಳೆ. ಇವಳೂ ನಮ್ಮ ಸಾಹಿತ್ಯವೇ. ನಿನ್ನ ಕಾರ್ಡಿನಲ್ಲಿ ಇಲ್ಲ, ಅಷ್ಟೆ."

ಭಾನುವಾರ ಬೆಳಿಗ್ಗೆ ಅವರನ್ನೂ ಕೂರಿಸಿಕೊಂಡು ಆಸ್ಟಿನ್ ಕಡೆ ಹೊರಟೆವು. ಹಬ್ಬ ಮುಗಿದ ಮೇಲೆ ಅವರು ಅಲ್ಲೇ ಮಗನ ಮನೆಯಲ್ಲಿ ಉಳಿಯುವವರು. ರಾತ್ರಿ ಸುರಿದ ಮಳೆಗೆ ರಸ್ತೆಬದಿಯ ಕೆಂಪು, ಹಳದಿ ಹೂಗಳೆಲ್ಲ ಮಿಂದು ನಿಂತಿದ್ದವು. ನೂರಿಯಾ ಹಿಂದೆ ನಿದ್ದೆಹೋದರು. ನಸ್ರೀನ್ ಆ ನಾಲ್ಕು ಸಾಲಿಗೆ ತನ್ನದೇ ರಾಗ ಕಟ್ಟಿ ಹಾಡತೊಡಗಿದಳು. ಮೊದಲ ಸಾಲಿನಲ್ಲೇ 'ಕಮೀಜ' ಬರುತ್ತದೆ, ಅಂಗಿ ಎಂದರ್ಥ.

"ನಮ್ಮ ಮನ್ಯಾಗೂ ಕಮೀಜೇ ಅಂತೀವ್ರಿ ಆಂಟಿ! ಇವ್ರು ನಮ್ಮ ಬೀಗರೇ ಆದ್ರು ತಗೋರಿ."

ಅವಳು ಒಂದು ಸಾಲು ಹಾಡುವಳು, ನಾನು ಸ್ಟೇರಿಂಗ್ ಹಿಡಿದೇ ಅದರ ಅರ್ಥ ಹೇಳುವೆ. ಹೀಗೆ ನಡೆಯುತ್ತಿದ್ದಾಗ ನನ್ನ ಸೋದರಮಾವ ನೆನಪಾದರು. ಮೈಸೂರಿನ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಗಮಕಿ ಒಂದು ಪದ್ಯ ಹಾಡಿದರೆ ಮಾವ ವ್ಯಾಖ್ಯಾನ ಮಾಡುತ್ತಿದ್ದರು. ಓದುಬರಹ ಬಾರದವರೂ ಕೂತು ಹಳಗನ್ನಡ ಕೇಳಿ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಮಾವ ಒಂದು ದಿನವೂ ಕವಿಯ ಕಾಲದಿಂದ ಶುರುಮಾಡಿದ್ದು ನನಗೆ ನೆನಪಿಲ್ಲ. ಆದರೂ ಕಾರ್ಡುಗಳನ್ನು ಬಿಡಲು ಧೈರ್ಯ ಸಾಲಲಿಲ್ಲ.

ರೌಂಡ್ ರಾಕ್‌ನ ಪಾರ್ಕಿನಲ್ಲಿ ಹಬ್ಬ ಆಗಲೇ ರಂಗೇರಿತ್ತು. ಆ ದಿನ ಒಬ್ಬರಿಗೊಬ್ಬರು ಪುಸ್ತಕ ಮತ್ತು ಗುಲಾಬಿ ಕೊಡುವುದು ಅವರ ಪದ್ಧತಿ. ಮೇಜಿನ ಮೇಲೆಲ್ಲ ಪುಸ್ತಕ, ಬಕೆಟ್ಟಿನ ತುಂಬ ಗುಲಾಬಿ. ನೋಡಿಯೇ ನನಗೆ ಖುಷಿಯಾಯಿತು. ಹೊಸಬರ ಸಾಲಿನಲ್ಲಿ ಮೂವರಿದ್ದರು: ಇಬ್ಬರು ಕಾಲೇಜು ಹುಡುಗಿಯರು, ಮತ್ತು ಡೆಬ್ರಾ ಎಂಬ ಅರವತ್ತರ ನರ್ಸ್. ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನವರಾದ ಡೆಬ್ರಾ ತಂಗಿಯ ಮನೆಗೆ ಬಂದಿದ್ದವರು, ಗುಲಾಬಿ ನೋಡಿ ಒಳಗೆ ಬಂದಿದ್ದರು.

ನಾನು ಗಂಟಲು ಸರಿಮಾಡಿಕೊಂಡು ಹದಿಮೂರನೇ ಶತಮಾನದಿಂದಲೇ ಶುರುಮಾಡಿದೆ! ಭಯ ಹಿಡಿದರೆ ಬುದ್ಧಿ ಪರೀಕ್ಷೆಯ ಕೋಣೆಗೇ ಓಡುತ್ತದೆ. ಮೂರನೇ ಕಾರ್ಡಿಗೆ ಹುಡುಗಿಯರು ಫೋನು ತೆಗೆದರು. ಐದನೆಯದಕ್ಕೆ ಡೆಬ್ರಾ ಆಕಳಿಸಿದರು. ಕೊನೆಯ ಬೆಂಚಿನಲ್ಲಿ ನೂರಿಯಾ ತಲೆ ತಗ್ಗಿಸಿ ಕೂತಿದ್ದರು. ಅವರ ಅಷ್ಟು ವರ್ಷದ ಕ್ಲಾಸು ನನ್ನ ಕೈಯಲ್ಲೇ ಮುಳುಗುತ್ತಿತ್ತು.

ಕಾರ್ಡುಗಳನ್ನು ಚೀಲಕ್ಕೆ ತುರುಕಿದೆ. "ನಸ್ರೀನ್, ಹಾಡೇ!" ಎಂದು ಕನ್ನಡದಲ್ಲೇ ಕೂಗಿದೆ.

ಅವಳು ಎದ್ದು ನಿಂತು ಮೊದಲ ಸಾಲು ಹಾಡಿದಳು. ಫೋನುಗಳು ಕೆಳಗಿಳಿದವು. ನಾನು ಮಾವನ ಹಾಗೆ ಮೊಣಕಾಲಿಗೆ ಕೈಯೂರಿ ಬಗ್ಗಿ ಹೇಳಿದೆ: "ತಾರಸಿಯ ಹಗ್ಗದ ಮೇಲೆ ಅಪ್ಪನ ಅಂಗಿ ಒಣಗ್ತಾ ಇದೆ." ಎರಡನೇ ಸಾಲು: "ಸಮುದ್ರದ ಗಾಳಿ ಬಂದು ಆ ಅಂಗಿ ತೊಟ್ಟುಕೊಂಡಿತು." ಮೂರನೆಯದು: "ಖಾಲಿ ತೋಳು ಬೀದಿಗೆಲ್ಲ ಕೈಬೀಸ್ತಾ ಇದೆ." ಕೊನೆಯ ಸಾಲು: "ಅಮ್ಮ ಕೆಳಗಿನಿಂದ ಕೂಗ್ತಾಳೆ: ಊಟ ಆರಿಹೋಗ್ತಿದೆ, ಇಳಿದು ಬಾ."

"ಅಪ್ಪ ತೀರಿಕೊಂಡಿದ್ದಾರಾ?" ಡೆಬ್ರಾ ಕೇಳಿದರು.

"ಇಲ್ಲಪ್ಪ, ಮೀನು ಹಿಡಿಯೋಕೆ ಹೋಗಿದ್ದಾರೆ," ಎಂದಳು ಒಬ್ಬ ಹುಡುಗಿ.

"ಹಾಗಿದ್ರೆ ಊಟಕ್ಕೆ ಯಾಕೆ ಕರೀತಾಳೆ?" ಎಂದು ಇನ್ನೊಬ್ಬಳು ಜಗಳಕ್ಕೇ ಬಿದ್ದಳು.

ನಸ್ರೀನ್ ಪ್ರತಿ ಸಾಲನ್ನೂ ಮೂರು ಮೂರು ಸಲ ಹಾಡಬೇಕಾಯಿತು. ಇದನ್ನು ಬರೆದಾಕೆಗೆ ಕಾಗುಣಿತ ಬರುತ್ತಿರಲಿಲ್ಲ ಎಂದೆ, ಯಾಕೆ ಎಂದಾಗ ಆ ಭಾಷೆ ಕಲಿಸದ ಶಾಲೆಗಳ ಕಥೆ ಹೇಳಿದೆ. ಅದಕ್ಕೂ ಮೊದಲು ಯಾರು ಬರೆದಿದ್ದರು ಎಂದರು, ರಾಜರು ಬಂದರು, ತತ್ವಜ್ಞಾನಿಗಳು ಬಂದರು. ನನ್ನ ನಲವತ್ತು ಜನರಲ್ಲಿ ಹನ್ನೆರಡು ಮಂದಿ ತಾವಾಗಿಯೇ ಎದ್ದು ಬಂದರು, ಒಬ್ಬರ ತಾರೀಖನ್ನೂ ಯಾರೂ ಕೇಳಲಿಲ್ಲ. ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಎಲ್ಲರೂ ಎದ್ದ ಮೇಲೆ ಡೆಬ್ರಾ ಹತ್ತಿರ ಬಂದರು. ಅವರ ಮಗ ಬಾರ್ಸಿಲೋನಾದ ಹುಡುಗಿಯನ್ನು ಮದುವೆಯಾಗಿದ್ದಾನಂತೆ, ಆಗಸ್ಟಿನಲ್ಲಿ ಮಗು ಹುಟ್ಟಲಿದೆಯಂತೆ. "ಆ ಕಡೆಯ ಅಜ್ಜಿ ಮಗುವಿಗೆ ಈ ಭಾಷೇಲಿ ಹಾಡ್ತಾರೆ. ನಾನು ಮೂಗಿ ಥರ ಕೂತಿರಬೇಕಾ? ನನಗೆ ಇದನ್ನ ಕಲಿಸಿ."

ನಾನು ನೂರಿಯಾರತ್ತ ನೋಡಿದೆ. ಅವರು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. "ಡಲ್ಲಾಸ್ ಕ್ಲಾಸ್ ಮುಚ್ಚೋದಿಲ್ಲ," ಎಂದರು. "ಲೈಬ್ರರಿಯ ಕೋಣೆಯನ್ನ ನಿನ್ನ ಹೆಸರಿಗೆ ಬರೆಸಿಕೋ." ನಸ್ರೀನ್ ಕುಣಿದೇ ಬಿಟ್ಟಳು.

ಡೆಬ್ರಾ ಸಂಜೆಯ ಬಸ್ಸಿಗೆ ಊರಿಗೆ ಮರಳುವವರಿದ್ದರು. ನಮ್ಮ ಮನೆಯ ದಿಕ್ಕೇ ಆದ್ದರಿಂದ ಕಾರಿಗೆ ಹತ್ತಿಸಿಕೊಂಡೆವು. ಮೂರು ಗಂಟೆಗೆ ಹೊರಟು, ವೇಕೋ ದಾಟಿದ ಮೇಲೆ ವೆಸ್ಟ್ ಎಂಬ ಊರಿನಲ್ಲಿ ನಿಂತು, ಮೃದುವಾದ ಬನ್ನಿನ ನಡುವೆ ಹಣ್ಣು ತುಂಬಿದ ಕೊಲಾಚೆ ತಿಂದೆವು. ಡೆಬ್ರಾ ಬಾಯಲ್ಲಿ ಏಪ್ರಿಕಾಟ್ ಇಟ್ಟುಕೊಂಡೇ ಎರಡನೇ ಸಾಲು ಉರುಹೊಡೆಯುತ್ತಿದ್ದರು. ನಸ್ರೀನ್ ಹಾಡಿಕೊಟ್ಟಳು, ಅವರು ತಪ್ಪಿದರು, ಮತ್ತೆ ಹಾಡಿಕೊಟ್ಟಳು. ನೂರು ಮೈಲಿ ಹೀಗೇ ಸಾಗಿತು.

ಲಿಟಲ್ ಎಲ್ಮ್ ತಲುಪಿದಾಗ ಕೆರೆಯ ಮೇಲೆ ಇನ್ನೂ ಬಿಸಿಲಿತ್ತು. ಡೆಬ್ರಾ ಮನೆಯ ಮುಂದೆ ಕಾರು ನಿಂತರೂ ಇಳಿಯಲಿಲ್ಲ. ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ನಾಲ್ಕೂ ಸಾಲನ್ನು ಒಂದೇ ಉಸಿರಿಗೆ ಹೇಳಿದರು. ಒಂದೇ ಒಂದು ಕಡೆ ತಪ್ಪಿತು. ನಾನು ತಿದ್ದಿದೆ.