ಅಕ್ಕನ ಫಾರಂ ನಾನು ತುಂಬಿದ್ದು

ಮಣಿಪಾಲದಿಂದ ಕಾರ್ಕಳದ ಕಡೆ ಹೋಗುವಾಗ ಒಂದು ಗುಡ್ಡ ಕಡಿದು ಕಟ್ಟಿದ್ದು ನಮ್ಮ ವಿಶ್ವವಿದ್ಯಾಲಯ. ಹೆಸರು ಹೇಳಿದರೆ ರಿಕ್ಷಾದವರು “ಅದು ಯಾವುದು?” ಎಂದು ಒಂದು ಸಲ ಕೇಳಿಯೇ ಹತ್ತಿಸಿಕೊಳ್ಳುತ್ತಾರೆ, ಅಷ್ಟು ದೊಡ್ಡದು. ಅಲ್ಲಿ ನಾನು ಸಹಾಯಕ ಕುಲಸಚಿವ. ಕನ್ನಡ ಎಂ.ಎ. ಮಾಡಿ, ಪಾಠ ಮಾಡುವ ಕೆಲಸ ಸಿಗದೆ ಕಚೇರಿಗೆ ಸೇರಿ, ಇಪ್ಪತ್ತೈದು ವರ್ಷದಿಂದ ಬೇರೆಯವರ ಸಹಿಗೆ ಪತ್ರ ಬರೆಯುತ್ತಿರುವವನು. ಪರಿಶೀಲಿಸಲಾಗಿದೆ, ವಿಷಾದಿಸುತ್ತೇವೆ, ಪರಿಗಣಿಸಲಾಗುವುದು ಎಂಬ ಮೂರು ಮಾತನ್ನು ಇಟ್ಟುಕೊಂಡು ಒಂದು ಸಂಸಾರ ಸಾಕಿದ್ದೇನೆ.

ಕೆಲವು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ನಮ್ಮ ಆಡಳಿತ ಮಂಡಳಿಗೆ ಜ್ಞಾನೋದಯವಾಯಿತು. ಹದಿನಾಲ್ಕು ವಿಭಾಗ ಇಟ್ಟುಕೊಳ್ಳುವುದು ಹಳೆಯ ಕಾಲದ ಲಕ್ಷಣವಂತೆ. ನಾಲ್ಕು ‘ಸ್ಕೂಲ್’ ಮಾಡಿದರೆ ಲೋಕದ ಮಟ್ಟಕ್ಕೆ ಏರಿದಂತೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಸೇರಿ ಒಂದು ಸ್ಕೂಲ್. ಕನ್ನಡ, ಪತ್ರಿಕೋದ್ಯಮ ಮತ್ತು ದೈಹಿಕ ಶಿಕ್ಷಣ ಸೇರಿ ‘ಮಾನವ ಸಾಮರ್ಥ್ಯ ಸ್ಕೂಲ್’. ಹಳಗನ್ನಡ ಕಲಿಸುವ ಮಾಸ್ಟ್ರೂ ವಾಲಿಬಾಲ್ ಕಲಿಸುವ ಮಾಸ್ಟ್ರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತರು. ವಾಲಿಬಾಲಿನವರು ಒಂದು ತಿಂಗಳಲ್ಲಿ ಷಟ್ಪದಿಯ ಮಾತ್ರೆ ಎಣಿಸಲು ಕಲಿತರು. ಕನ್ನಡದವರಿಗೆ ಸೀಟಿ ಊದಲು ಇನ್ನೂ ಬರುವುದಿಲ್ಲ.

ಈ ಕೆಲಸಕ್ಕೆಂದು ದೂರದ ನಗರದಿಂದ ಸಲಹೆಗಾರರೊಬ್ಬರು ಬಂದರು. ಮೇ ತಿಂಗಳ ಸೆಕೆಯಲ್ಲಿ ಅವರು ಕೋಟು ಹಾಕಿಕೊಂಡು ಸಭಾಂಗಣದಲ್ಲಿ ನಿಂತು, “ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಎಲ್ಲರಿಗೂ ಸೂಕ್ತ ಸ್ಥಾನ ಹುಡುಕಿಕೊಡುತ್ತೇವೆ” ಎಂದರು. ಅದುವರೆಗೆ ಯಾರಿಗೂ ಕೆಲಸ ಹೋಗುವ ಯೋಚನೆಯೇ ಬಂದಿರಲಿಲ್ಲ. ಆ ಮಾತಿನ ನಂತರ ಎಲ್ಲರಿಗೂ ಬಂತು.

ಸಿಬ್ಬಂದಿಯನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ದಾಟಿಸಲು ‘ಪರಿವರ್ತನಾ ಕೋಶ’ ಎಂದು ಒಂದು ಶುರುವಾಯಿತು. ಕೋಶ ಎಂದರೆ ನಾನು, ಒಂದು ಕಂಪ್ಯೂಟರ್, ಮತ್ತು ಮೆಟ್ಟಿಲ ಅಡಿಯಲ್ಲಿ ಹಳೆಯ ಉತ್ತರಪತ್ರಿಕೆ ಕಟ್ಟಿಟ್ಟಿದ್ದ ಒಂದು ಕೋಣೆ. ಆದರೂ ಊರಲ್ಲಿ ನನ್ನ ಬೆಲೆ ಏರಿತು. ವಿಜ್ಞಾನದ ಮೂರು ವಿಭಾಗದ ಮುಖ್ಯಸ್ಥರಿಗೆ ಇರುವುದು ಒಂದೇ ಡೀನ್ ಕುರ್ಚಿ. ನಾನು ಏನೋ ಮಾಡಬಲ್ಲೆ ಎಂದು ಅವರು ನಂಬಿದ್ದರು. ಸಸ್ಯಶಾಸ್ತ್ರದವರು ಮಟ್ಟುವಿನವರು, ಪ್ರತಿ ಆದಿತ್ಯವಾರ ಒಂದು ಚೀಲ ಗುಳ್ಳ ಬದನೆ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು, “ಮನೆಯಲ್ಲಿ ಬೆಳೆದದ್ದು, ಹೀಗೇ ತಂದೆ” ಎನ್ನುತ್ತಿದ್ದರು. ಆ ತಿಂಗಳಿಡೀ ನಮ್ಮಲ್ಲಿ ಗುಳ್ಳದ ಸಾಂಬಾರು, ಗುಳ್ಳದ ಬೋಳುಹುಳಿ, ಗುಳ್ಳದ ಪೋಡಿ. ಕೊನೆಗೆ ಡೀನ್ ಆದದ್ದು ಭೌತಶಾಸ್ತ್ರದವರು. ಅವರು ನನಗೆ ಎಂತದೂ ತಂದಿರಲಿಲ್ಲ. ಯಾರ ಮನೆಗೆ ಹೋಗಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ದೊಡ್ಡವರ ಕುರ್ಚಿ ಹೀಗೆ ತೀರ್ಮಾನವಾದ ಮೇಲೆ ಸಣ್ಣವರ ಸರದಿ. ಗುಮಾಸ್ತರು, ಲ್ಯಾಬ್ ಸಹಾಯಕರು, ಅಟೆಂಡರುಗಳು ತಮ್ಮ ಕೆಲಸ ಏನೆಂದು ಒಂದು ಫಾರಮ್ಮಿನಲ್ಲಿ ಬರೆದುಕೊಡಬೇಕು. ಬರೆದ ಜವಾಬ್ದಾರಿಗಳನ್ನು ಸಲಹೆಗಾರರ ಕಂಪ್ಯೂಟರ್ ಓದಿ ಅಂಕ ಹಾಕುತ್ತದೆ. ಅಂಕ ಹೆಚ್ಚಿದ್ದವರು ಇದ್ದಲ್ಲೇ ಇರುತ್ತಾರೆ, ಕಡಿಮೆಯವರು ಕಳಿಸಿದಲ್ಲಿಗೆ ಹೋಗಬೇಕು. ಇಷ್ಟು ಸರಳ.

ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಒಬ್ಬರು ಸಹಾಯಕಿ ಇದ್ದರು. ಕಾಪುವಿನವರು, ಇಪ್ಪತ್ತೆರಡು ವರ್ಷದ ಸರ್ವಿಸ್. ನನಗಿಂತ ಸ್ವಲ್ಪ ಚಿಕ್ಕವರೇ. ಆದರೂ ವಿದ್ಯಾರ್ಥಿಗಳಿಂದ ಹಿಡಿದು ಪ್ರೊಫೆಸರರ ತನಕ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದುದರಿಂದ ನನಗೂ ಅಕ್ಕನೇ. ಮದುವೆ ಆಗಿರಲಿಲ್ಲ. ಮನೆಯಲ್ಲಿ ಒಡಹುಟ್ಟಿದ ದೊಡ್ಡಕ್ಕ, ಎರಡೂ ಕಣ್ಣು ಕಾಣದವರು. ಹಗಲು ನೆರೆಮನೆಯ ಹೆಂಗಸು ಬಂದು ನೋಡಿಕೊಳ್ಳುತ್ತಿದ್ದರು. ಸಂಜೆ ಆರೂವರೆಗೆ ಇವರು ಮನೆ ಮುಟ್ಟಲೇಬೇಕು. ಉಡುಪಿಯಲ್ಲಿ ಬಸ್ಸು ಬದಲಿಸಿ, ಇಪ್ಪತ್ತೆರಡು ವರ್ಷ, ಮಳೆಯಿರಲಿ ಬಂದ್ ಇರಲಿ, ಅವರು ಮುಟ್ಟಿದ್ದರು.

ಫಾರಂ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಕೆಲವರದ್ದು ನಾನೇ ಕೇಳಿ ಕೇಳಿ ತುಂಬಿದೆ. ಅಕ್ಕನ ಲ್ಯಾಬಿಗೆ ಹೋದಾಗ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಕ್ಯಾಂಟೀನಿನಲ್ಲಿ ಆ ದಿನ ಬಂಗುಡೆ ಮೀನು; ತಡವಾದರೆ ಸಿಗುವುದು ಬಾಲವೇ. ನಾನು ನಿಂತುಕೊಂಡೇ ಕೇಳಿದೆ.

“ಅಕ್ಕ, ನಿಮ್ಮ ಕೆಲಸ ಎಂತದೆಲ್ಲ ಉಂಟು? ಹೇಳಿ, ಬರೆದುಕೊಳ್ಳುತ್ತೇನೆ.”

“ನನ್ನದು ವಿಶೇಷ ಎಂತ ಉಂಟು ಸರ್? ಮಾಮೂಲು. ಮಕ್ಕಳು ಬರ್ತಾರೆ, ಬೇಕಾದ ಸಾಮಾನು ಕೊಡುವುದು. ಅವರು ಹೋದ ಮೇಲೆ ತೊಳೆದಿಡುವುದು.”

“ಮತ್ತೆ?”

“ಮತ್ತೆ ಎಂತ ಇಲ್ಲ.”

ನಾನು ಸಾಮಾನು ಕೊಡುವುದು, ತೊಳೆದಿಡುವುದು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿಸಿಕೊಂಡೆ. ಬಂಗುಡೆ ಸಿಕ್ಕಿತು. ಚೆನ್ನಾಗಿಯೂ ಇತ್ತು.

ನನಗೆ ಅವರ ಕೆಲಸ ಗೊತ್ತಿರಲಿಲ್ಲ ಎಂದರೆ ನನ್ನ ನಾಲಗೆಗೆ ಹುಳ ಬೀಳಬೇಕು. ನಾಳೆಯ ದ್ರಾವಣ ಇವತ್ತೇ ತಯಾರಾಗಿ, ಅವರ ಗುಂಡು ಅಕ್ಷರದ ಚೀಟಿ ಹಚ್ಚಿಕೊಂಡು ಸಾಲಾಗಿ ನಿಂತಿರುತ್ತಿತ್ತು. ಉಪ್ಪುಗಾಳಿಗೆ ತಕ್ಕಡಿಯ ಬಟ್ಟು ತುಕ್ಕು ಹಿಡಿಯದ ಹಾಗೆ ಒಣಗಿಸಿ ಡಬ್ಬಿಯಲ್ಲಿ ಇಡುತ್ತಿದ್ದವರು ಅವರು. ಯಾವ ಬ್ಯುರೆಟ್ ಸೋರುತ್ತದೆ, ಯಾವ ಹುಡುಗಿ ಆಸಿಡ್ ಬಾಟಲಿ ಹಿಡಿದರೆ ಕೈ ನಡುಗುತ್ತದೆ ಎರಡೂ ಅವರಿಗೆ ಗೊತ್ತು. ಒಮ್ಮೆ ಒಬ್ಬ ವಿದ್ಯಾರ್ಥಿ ಕೈ ಸುಟ್ಟುಕೊಂಡಾಗ ಉಪನ್ಯಾಸಕರು ಫೋನ್ ಹುಡುಕುತ್ತಿದ್ದರು. ಅಕ್ಕ ಅವನ ಕೈಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದು, ಗಡಿಯಾರ ನೋಡುತ್ತಾ ಹದಿನೈದು ನಿಮಿಷ ನಿಂತಿದ್ದರು. ಆ ಘಟನೆಯ ವರದಿ ಬರೆದವನು ನಾನೇ. ಅದರಲ್ಲಿ ಉಪನ್ಯಾಸಕರ ಸಮಯಪ್ರಜ್ಞೆಯನ್ನು ಶ್ಲಾಘಿಸಿದ್ದೆ.

ಎರಡು ವಾರದ ನಂತರ ಅಂಕಪಟ್ಟಿ ಬಂತು. ಮೂರು ಲ್ಯಾಬಿಗೆ ಇನ್ನು ಇಬ್ಬರೇ ಸಹಾಯಕರು. ಮೊದಲನೆಯ ಸ್ಥಾನ ಭೌತಶಾಸ್ತ್ರದ ಲ್ಯಾಬಿನವರಿಗೆ. ಅವರ ಫಾರಂ ಎರಡು ಪುಟ, ಅಳಿಯನ ಕೈಯಲ್ಲಿ ಬರೆಸಿದ್ದು. ‘ಉಪಕರಣಗಳ ಜೀವನಚಕ್ರ ನಿರ್ವಹಣೆ’ ಎಂದಿತ್ತು, ಎಂದರೆ ಧೂಳು ಒರೆಸುವುದು. ‘ಸುರಕ್ಷತಾ ಸಂಸ್ಕೃತಿಯ ಮುಂದಾಳತ್ವ’ ಎಂದಿತ್ತು, ಎಂದರೆ ಸಂಜೆ ಬೀಗ ಹಾಕುವುದು. ಕೆಲವು ಸಂಜೆ ಅದೂ ಇಲ್ಲ. ಕೊನೆಯ ಸ್ಥಾನ ಅಕ್ಕನಿಗೆ. ಅವರನ್ನು ಕಾರ್ಕಳ ಕ್ಯಾಂಪಸ್ಸಿನ ಹಾಸ್ಟೆಲಿನ ಸ್ಟೋರಿಗೆ ಹಾಕಿದ್ದರು. ವಾರಕ್ಕೆ ಮೂರು ರಾತ್ರಿ ಅಲ್ಲೇ ಉಳಿಯಬೇಕು.

ಈ ಜಿಲ್ಲೆಯಲ್ಲಿ ಹುಟ್ಟಿದವರು ಯಾರಾದರೂ ಆ ಫಾರಂ ತಯಾರಿಸಿದ್ದರೆ ಹೀಗಾಗುತ್ತಿರಲಿಲ್ಲ. ನಮ್ಮಲ್ಲಿ ನೆಂಟರಿಗೆ ಹದಿನಾಲ್ಕು ಬಗೆ ಬಡಿಸಿ “ವಿಶೇಷ ಎಂತ ಮಾಡಲಿಲ್ಲ” ಎನ್ನುತ್ತಾರೆ. ಮಗಳು ರ‍್ಯಾಂಕ್ ಬಂದರೆ ತಾಯಿ “ಹೇಗೋ ಪಾಸಾದಳು” ಎನ್ನುತ್ತಾಳೆ. ಹಾಗೆ ಹೇಳದಿದ್ದರೆ ಆ ಹೆಂಗಸಿಗೆ ಎಷ್ಟು ಜಂಬ ಎಂದು ಬೀದಿಯಿಡೀ ಮಾತಾಡುತ್ತದೆ. ಆದರೆ ಇದರಲ್ಲಿ ಇನ್ನೊಂದು ಅರ್ಧ ಉಂಟು. ಪಕ್ಕದಲ್ಲಿ ಕೂತವರು ಸುಮ್ಮನಿರಬಾರದು. “ಹೇಗೋ ಪಾಸಾದದ್ದಲ್ಲ, ರ‍್ಯಾಂಕ್ ಬಂದಿದ್ದಾಳೆ” ಎಂದು ಹೇಳುವುದು ಅವರ ಕೆಲಸ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಸರಿ, ಬೇರೆಯವರಾದರೂ ತಟ್ಟಬೇಕಲ್ಲ. ಸಲಹೆಗಾರರಿಗೆ ಇದು ಗೊತ್ತಿರಲಿಲ್ಲ, ಅವರನ್ನು ಬಯ್ಯಲಾರೆ. ನನಗೆ ಗೊತ್ತಿತ್ತು.

ನಾಚಿಕೆಯಾಯಿತು. ಮೇಲ್ಮನವಿಗೆ ಅವಕಾಶ ಇತ್ತು. ನಾನೇ ಅಕ್ಕನ ಪರವಾಗಿ ಒಂದು ಅರ್ಜಿ ಬರೆದೆ. ಹೊಟ್ಟೆಪಾಡಿನ ಬರವಣಿಗೆಯ ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ಬರೆದದ್ದಿಲ್ಲ. ಓದಿಕೊಂಡು ಸಹಿ ಮಾಡಿ ಎಂದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು ಶುರುಮಾಡಿದರು.

“ದ್ರಾವಣ ನಾನೊಬ್ಬಳೇ ಮಾಡುವುದಲ್ಲ ಸರ್, ಮೇಡಂ ಅಳತೆ ಹೇಳ್ತಾರೆ,” ಎಂದು ಒಂದು ಸಾಲು ಹೊಡೆದರು. “ಆ ಹುಡುಗನ ಕೈ ನೀರಲ್ಲಿ ಹಿಡಿದದ್ದು ಯಾರಾದರೂ ಹಿಡಿಯುತ್ತಿದ್ದರು,” ಎಂದು ಇನ್ನೊಂದು. “ಪರೀಕ್ಷೆಗೆ ಸಾಲ್ಟ್ ಪೊಟ್ಟಣ ಕಟ್ಟುವುದು ನನ್ನ ಡ್ಯೂಟಿಯೇ ಅಲ್ವಾ? ಅದನ್ನು ಬರೆದರೆ ಜನ ನಗ್ತಾರೆ.”

“ಅಕ್ಕ, ನಗಲಿ. ಇದು ನಿಮ್ಮ ಕೆಲಸದ ಪ್ರಶ್ನೆ.”

“ಹೌದು ಸರ್. ಆದ್ರೂ.”

ಎರಡು ಪುಟದ ಅರ್ಜಿಯಲ್ಲಿ ಉಳಿದದ್ದು ದೊಡ್ಡಕ್ಕನ ವಿಷಯ ಮಾತ್ರ, ಅದೂ “ಮನೆಯ ಅನಾನುಕೂಲ” ಎಂದು ಚಿಕ್ಕದಾಗಿ. ನಾನು ಸಿಟ್ಟಿನಿಂದ ಅದನ್ನೇ ಕಳಿಸಿದೆ. ಸಮಿತಿಯ ಮುಂದೆ ಬಾಯಿಮಾತಿನಲ್ಲಿ ಸರಿಮಾಡಿದರಾಯಿತು ಎಂದುಕೊಂಡೆ. ಸಮಿತಿಯ ಕಾರ್ಯದರ್ಶಿ ನಾನೇ ಆಗಿದ್ದೆ.

ಸಮಿತಿ ಕೂತಿತು. ಆಡಳಿತ ಮಂಡಳಿಯ ಒಬ್ಬರು, ಹೊಸ ಡೀನ್, ಸಲಹೆಗಾರರು, ಮೂಲೆಯಲ್ಲಿ ನಡಾವಳಿ ಪುಸ್ತಕ ಹಿಡಿದು ನಾನು. ತಟ್ಟೆಯಲ್ಲಿ ಗೋಳಿಬಜೆ. ಅಕ್ಕ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ಸಲಹೆಗಾರರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, “ನಿಮ್ಮ ಕೆಲಸದ ವಿಶೇಷ ಏನು, ನೀವೇ ಹೇಳಿ.”

“ವಿಶೇಷ ಎಂತ ಇಲ್ಲ ಸರ್. ಮಾಮೂಲು,” ಎಂದರು ಅಕ್ಕ.

ಹೇಳಿ ಮುಗಿಸಿ ಅವರು ನನ್ನ ಕಡೆ ನೋಡಿದರು. ಬೇಡಿಕೊಳ್ಳುವ ನೋಟವಲ್ಲ. ಬಡಿಸಿ ಮುಗಿದ ಮೇಲೆ ಉಣ್ಣುವವರನ್ನು ನೋಡುತ್ತಾರಲ್ಲ, ಹಾಗೆ, ಇನ್ನು ನಿಮ್ಮ ಸರದಿ ಎಂಬಂತೆ. ಡೀನ್ ಸಾಹೇಬರು ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಿದ್ದರು. ಹೊಸ ಪಟ್ಟಿಯಲ್ಲಿ ಮೊದಲು ಬಂದಿದ್ದವರು ಅವರದೇ ಲ್ಯಾಬಿನ ಜೀವನಚಕ್ರದವರು. ಮಾತಾಡಬೇಕಾದವನು ನಾನು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಒಂದು ಸಂಗತಿ ನೆನಪಾಯಿತು. ಹೊಸ ನಕ್ಷೆಯಲ್ಲಿ ಸಹಾಯಕ ಕುಲಸಚಿವರ ಹುದ್ದೆ ಒಂದೇ, ನಾವಿದ್ದದ್ದು ಇಬ್ಬರು, ಮತ್ತು ಅದರ ತೀರ್ಮಾನ ಮುಂದಿನ ವಾರ ಇದೇ ಮೇಜಿನಲ್ಲಿ. ನಾನು ಬಾಯಿ ಮುಚ್ಚಿ ಪುಸ್ತಕಕ್ಕೆ ತಲೆ ಬಗ್ಗಿಸಿದೆ. ‘ಅರ್ಜಿದಾರರು ಹೆಚ್ಚಿನ ವಿವರ ನೀಡಲಿಲ್ಲ’ ಎಂದು ಬರೆದೆ. ಒಳ್ಳೆಯ ವಾಕ್ಯ, ಒಂದು ಅಕ್ಷರವೂ ಸುಳ್ಳಲ್ಲ.

ಮೇಲ್ಮನವಿ ವಜಾ ಆಯಿತು. ನನ್ನ ಹುದ್ದೆ ಉಳಿಯಿತು.

ಅಕ್ಕ ಕಾರ್ಕಳಕ್ಕೆ ಹೋಗಲಿಲ್ಲ. ಕಣ್ಣು ಕಾಣದವರನ್ನು ವಾರಕ್ಕೆ ಮೂರು ರಾತ್ರಿ ಒಬ್ಬರನ್ನೇ ಬಿಡುವುದು ಹೇಗೆ? ರಾಜೀನಾಮೆ ಕೊಟ್ಟು, ಭೌತಶಾಸ್ತ್ರದ ಲ್ಯಾಬಿನವರಿಗೆ ಒಂದು ತಿಂಗಳು ತನ್ನ ಲ್ಯಾಬಿನ ಕೆಲಸ ಕಲಿಸಿಕೊಟ್ಟು, ಕೊನೆಯ ದಿನ ಮಧ್ಯಾಹ್ನದ ಮೇಲೆ ಬೀಗದ ಕೈಗಳನ್ನು ಒಪ್ಪಿಸಲು ನನ್ನ ಕೋಣೆಗೆ ಬಂದರು. ನನ್ನ ಸಹಿ ಬೇಕಿತ್ತು.

ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ತಪ್ಪು ಮಾಡಿದವನಿಗೆ ಬಾಯಿ ದೊಡ್ಡದಾಗುತ್ತದೆ. ನಾನು ಅವರಿಗೇ ಬೈದೆ.

“ನಿಮ್ಮದೇ ತಪ್ಪು ಅಕ್ಕ. ಆ ದಿನ ಅಲ್ಲಿ ಒಂದು ಮಾತು ಹೇಳಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಅಷ್ಟು ಕೇಳಿದರೂ ಮಾಮೂಲು, ಮಾಮೂಲು. ಹಾಗೆ ಹೇಳಿದರೆ ಅವರಿಗೆ ಹೇಗೆ ಗೊತ್ತಾಗಬೇಕು?”

ಅವರು ಸಹಿಯಾದ ಕಾಗದವನ್ನು ಎರಡು ಮಡಿಕೆ ಮಾಡಿ ಚೀಲದೊಳಗೆ ಇಟ್ಟರು. ಸಿಟ್ಟು ಇರಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದರು.

“ನನ್ನದು ನಾನೇ ಹೇಳಿಕೊಳ್ಳುವುದು ಹೇಗೆ ಸರ್? ನೀವು ಇದ್ದಿರಲ್ವಾ ಅಲ್ಲಿ?”

ಇದ್ದೆ. ನಡಾವಳಿಯಲ್ಲಿ ಹಾಜರಿದ್ದವರ ಪಟ್ಟಿ ಉಂಟು, ನಾಲ್ಕನೆಯ ಹೆಸರು ನನ್ನದು.