ಎದುರುಮನೆ ಆಂಟಿಯ ಕಣ್ಣು

ಮೂಡಲಪಾಳ್ಯದ ನಮ್ಮ ಪಕ್ಕದ ಮನೆಯಲ್ಲಿ ಈ ಸಂಜೆ ಮಗುವಿಗೆ ದೃಷ್ಟಿ ತೆಗೆದರು. ಸುಟ್ಟ ಮೆಣಸಿನಕಾಯಿಯ ವಾಸನೆ ಬಂತು.

ಚಿಕ್ಕವಳಿದ್ದಾಗ ಟೆಸ್ಟಿನ ಹಿಂದಿನ ಸಂಜೆ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಈ ಸಲ ಮಾರ್ಕ್ಸ್ ಕಮ್ಮಿ ಬರ್ಲಿ, ನೋಡ್ಕೋತೀನಿ" ಅನ್ನುತ್ತಿದ್ದರು. ನನಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು.

"ಘಾಟೇ ಬರ್ಲಿಲ್ಲ ನೋಡು, ಅಷ್ಟು ದೃಷ್ಟಿ ಆಗಿದೆ. ಎಲ್ಲಾ ಆ ಎದುರುಮನೆಯೋಳ ಕಣ್ಣು."

ನನಗೆ ದಿನವೂ ಚಕ್ಕುಲಿ ಕೊಡುತ್ತಿದ್ದ ಆ ಆಂಟಿಯ ಜೊತೆ ಅಜ್ಜಿ ಮಾತೇ ಬಿಟ್ಟರು. ಹೊಟ್ಟೆನೋವಿನ ಕಾರಣ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ನಾಳೆ ನನ್ನ ಮಗಳಿಗೆ ಟೆಸ್ಟ್. ಅವಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

"ಏನಾಯ್ತು ಪುಟ್ಟಾ?" ಅಂದೆ.

ಅವಳು ನನ್ನ ಕೈಯಲ್ಲಿದ್ದ ಹೋದ ಸಲದ ಮಾರ್ಕ್ಸ್ ಕಾರ್ಡನ್ನೇ ನೋಡುತ್ತಾ, "ಏನಿಲ್ಲಮ್ಮ" ಅಂದಳು.