ಕುಸುಬಿ ಎಣ್ಣೆ ಕುಡಿದ ಓಬೋ

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ ಎಂಟೂವರೆಗೆ ನಾನು ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸಿಗೆ ಕಾಯುತ್ತಿದ್ದೆ. ಬಟ್ಟೆಯ ಚೀಲದಲ್ಲಿ ನೀರಿನ ಬಾಟಲಿ, ಉಳಿದ ಎರಡು ಸಜ್ಜೆ ರೊಟ್ಟಿ, ಕೂಡಿಟ್ಟ ಹಣ, ಮತ್ತೆ ಒಂದು ಗುಳಿಗೆ ಡಬ್ಬಿ ಇದ್ದವು. ಡಬ್ಬಿಯಲ್ಲಿ ಹತ್ತಿ ಸುತ್ತಿದ ಎರಡು ಹಳೆಯ ರೀಡ್‌ಗಳು. ನಾನು ಹೊರಟಿದ್ದು ಒಂದು ಇಂಗ್ಲಿಷ್ ಹಾರ್ನ್ ತರುವುದಕ್ಕೆ.

ಅದೇನು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಓಬೋ ಎಂಬುದು ಕರಿಮರದ ಒಂದು ಕೊಳವೆ, ಮೈತುಂಬ ಬೆಳ್ಳಿ ಬಣ್ಣದ ಕೀಲಿಗಳು. ಶಹನಾಯಿಯಲ್ಲಿ ಇರುವ ಹಾಗೆ ಎರಡು ಎಲೆಗಳ ರೀಡನ್ನು ತುಟಿಗಳ ನಡುವೆ ಹಿಡಿದು ಊದಬೇಕು. ಇಂಗ್ಲಿಷ್ ಹಾರ್ನ್ ಅದರ ಅಕ್ಕ. ಉದ್ದ ಹೆಚ್ಚು, ದನಿ ಕೆಳಗಿನದು, ತುದಿ ಪೇರಲ ಹಣ್ಣಿನಂತೆ ಉಬ್ಬಿರುತ್ತದೆ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಂಗೀತದ ಸಿಸ್ಟರ್ ನನಗೆ ಆರು ವರ್ಷ ಓಬೋ ಕಲಿಸಿದರು. ಹಾರ್ನ್ ಮಾತ್ರ ಯಾವಾಗಲೂ ನನಗಿಂತ ಎತ್ತರದ ಹುಡುಗಿಗೆ ಹೋಗುತ್ತಿತ್ತು. ಕೊನೆಯ ದಿನ ಶಾಲೆಯ ಓಬೋವನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಸಹಿ ಮಾಡಿ ಹಿಂದಿರುಗಿಸಿ ಬಂದೆ. ಆಮೇಲೆ ಮದುವೆ, ಬಸವಕಲ್ಯಾಣ, ಯಜಮಾನರ ಔಷಧದ ಅಂಗಡಿ. ಇಪ್ಪತ್ತೆಂಟು ವರ್ಷಗಳಲ್ಲಿ ಓಬೋ ಅಂದರೇನು ಎಂದು ನನ್ನನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಯಜಮಾನರು ಊಟಕ್ಕೆ ಕೂತು ಹೇಳಿದರು: “ಮಾಣಿಕನಗರದಾಗ ಫೌಜಿನ ಬ್ಯಾಂಡಿನ್ಯಾಗ ಇದ್ದ ಮುದುಕರೊಬ್ಬರು ಅದಾರಂತ. ನಿನ್ನ ಆ ಕರಿ ಕೊಳವಿ ಮೂರು ಅವ ಅಂತ. ಊದಾಕ ಬರೋರು ಸಿಕ್ರ ಒಂದು ಕೊಡ್ತಾರಂತ ನೋಡು.” ನಾನು ಬಡಿಸುವುದನ್ನು ಮರೆತು ನಿಂತೆ. ಫೋನು ಮಾಡಿದಾಗ ಎತ್ತಿಕೊಂಡವರು ಅವರ ಹೆಂಡತಿ. ಎರಡು ಓಬೋ, ಒಂದು ಇಂಗ್ಲಿಷ್ ಹಾರ್ನ್ ಎಂದು ಅವರು ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು. ಫೋನು ಇಡುವ ಹೊತ್ತಿಗೆ ನಾನು ನಿರ್ಧರಿಸಿಯಾಗಿತ್ತು: ಹಾರ್ನ್.

ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಪಕ್ಕದಲ್ಲಿ ಮಡಿಲಿನಲ್ಲಿ ಹಸಿ ಕಡಲೆ ಗಿಡದ ಕಟ್ಟು ಇಟ್ಟುಕೊಂಡ ಹೆಂಗಸು ಕೂತಿದ್ದಳು. ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ತಿರುಗಿದಾಗ ಒಂದು ಹಿಡಿ ಕಡಲೆ ನನ್ನ ಕೈಗಿಟ್ಟಳು.

“ಬೀಗರ ಮನಿಗೇನ್ರಿ?”

“ಇಲ್ಲವ್ವ. ಒಂದು ವಾದ್ಯ ನೋಡಾಕ ಹೊಂಟೀನಿ.”

“ಲಗ್ನ ಅದೇನು ಮನ್ಯಾಗ?”

“ಇಲ್ಲ. ನಾನೇ ಊದಾಕ.”

ಅವಳು ನನ್ನ ಬಳೆ ನೋಡಿದಳು, ತಾಳಿ ನೋಡಿದಳು, ಕೊನೆಗೆ ಮುಖ ನೋಡಿದಳು. “ಮನ್ಯಾಗ ಅತ್ತಿ ಇಲ್ಲೇನ್ರಿ ನಿಮಗ?” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ರಾಜೇಶ್ವರದಲ್ಲಿ ಅವಳು ಇಳಿದ ಮೇಲೆ ಸೀಟಿನಲ್ಲಿ ಕಡಲೆ ಎಲೆಗಳ ಹುಳಿ ವಾಸನೆ ಉಳಿಯಿತು. ಹೊರಗೆ ಜೋಳ ತೆನೆ ಹಿಡಿದಿತ್ತು, ನಡುವೆ ಪಟ್ಟಿ ಪಟ್ಟಿಯಾಗಿ ಹಳದಿ ಕುಸುಬಿ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿ, ಒಂದು ಗಂಟೆಯ ದಾರಿಗೆ ಒಂದೂಕಾಲು ಗಂಟೆ ತೆಗೆದುಕೊಂಡಿತು.

ಹುಮನಾಬಾದಿನಿಂದ ಮಾಣಿಕನಗರಕ್ಕೆ ಆಟೋಗೆ ಮೂವತ್ತು ರೂಪಾಯಿ. ತೆಂಗಿನಕಾಯಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ. ಸೇನೆಯ ಬ್ಯಾಂಡಿನಲ್ಲಿದ್ದ ಆ ಹಿರಿಯರು, ಊರಿಗೆಲ್ಲ ಸುಬೇದಾರರು, ಬಾಗಿಲಲ್ಲೇ ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಕೈಹೆಣಿಗೆಯ ಸ್ವೆಟರು.

“ಹತ್ತಕ್ಕ ಬರ್ತೀನಂದಿದ್ರಿ. ಹತ್ತೂಕಾಲು ಆಗ್ಯದ.”

“ಬಸ್ಸು ತಡ ಮಾಡ್ತ್ರಿ ಕಾಕಾ.”

“ಹಂಗಾರ ಬಸ್ಸಿಗಿ ಎರಡು ದಿನ ಸಜಾ ಕೊಡೋಣ. ಬರ್ರಿ ತಾಯಿ, ಒಳಗ ಬರ್ರಿ.”

ಮಾತಾಡುವಾಗ ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಊದುವವರ ತುಟಿ ಪರೀಕ್ಷಿಸುತ್ತಿದ್ದಾರೆ ಅಂದುಕೊಂಡೆ. ನಮ್ಮ ಸಿಸ್ಟರೂ ಹಾಗೇ ನೋಡುತ್ತಿದ್ದರು.

ಜಮಖಾನದ ಮೇಲೆ ಮೂರು ಪೆಟ್ಟಿಗೆಗಳು ತೆರೆದು ಕೂತಿದ್ದವು. ಸುಬೇದಾರರು ಒಂದೊಂದನ್ನೇ ಬೆರಳಿನಿಂದ ತೋರಿಸಿದರು. “ಇದು ಸೀಳಿದ್ದು. ಇದು ಈಕಿ ಕೊಂದದ್ದು. ಈ ಹಾರ್ನ್ ಒಂದೇ ಜೀವಂತ ಅದ.”

‘ಈಕಿ’ ಅಂದರೆ ಅವರ ಹೆಂಡತಿ ಗುಂಡಮ್ಮ. ನನಗೆ ಕಾಕು. ನೀರಿನ ತಂಬಿಗೆ ಹಿಡಿದು ಬಂದವರು ಅಲ್ಲೇ ನಿಂತು ನಕ್ಕರು.

“ದಸರಾದ ಖಂಡೆ ಪೂಜಿಗಿ ಆಯುಧ ಅಂತ ತಿಳದು ಕುಸುಬಿ ಎಣ್ಣಿ ಸವರಿ ಕುಂಕುಮ ಇಟ್ಟಾಳ್ರಿ!” ಸುಬೇದಾರರು ನನಗೆ ದೂರು ಕೊಟ್ಟರು. “ಕಟಗಿ ಎಣ್ಣಿ ಕುಡೀತು. ಮ್ಯಾಲಿನ ಸ್ವರ ಎಲ್ಲಾ ಸತ್ತು ಹೋದ್ವು. ಎರಡು ವರ್ಷ ಆತು.”

“ಹೊಲಿಗಿ ಮಷೀನಿಗಿ ಹಚ್ಚತೀನಿ, ಬಾಗಿಲ ಕೀಲಿಗಿ ಹಚ್ಚತೀನಿ. ಇದಕ್ಕ ಹಚ್ಚಬಾರದು ಅಂತ ನನಗ್ಯಾರು ಹೇಳ್ಯಾರ?” ಅಂದರು ಕಾಕು.

“ಇನ್ನ ನಾಕ್ ಚಮಚಾ ಹಾಕಿದ್ರ ಭಜಿ ಕರೀಬಹುದಿತ್ತು.”

ನನ್ನ ಹಳೆಯ ರೀಡ್‌ಗಳನ್ನು ನೀರಿನಲ್ಲಿ ನೆನೆಸಿ ಊದಿದೆ. ಒಂದೊಂದು ಉಸಿರಿಗೇ ಎರಡೂ ಸೀಳಿದವು. ಸುಬೇದಾರರು ತಾವೇ ಕೆತ್ತಿದ ಎರಡು ರೀಡ್ ಕೊಟ್ಟರು, ಓಬೋಗಳಿಗೆ ಸಪೂರದ್ದು, ಹಾರ್ನಿಗೆ ಅಗಲವಾದದ್ದು. ಎರಡು ಓಬೋಗಳಿಗೆ ಒಂದೇ ರೀಡ್ ಹಾಕಿ ನೋಡಬೇಕು, ಇಲ್ಲದಿದ್ದರೆ ರೀಡಿನ ಗುಣವನ್ನು ಮರದ ಗುಣ ಅಂದುಕೊಳ್ಳುತ್ತೇವೆ. ಆಮೇಲೆ ಅವರ ಬ್ಯಾಂಡಿನ ಪದ್ಧತಿ ಹೇಳಿದರು. ಆರಿಸುವಾಗ ಊದುವವರ ಕಿವಿ ನಂಬಬಾರದು. ಅವರಿಗೆ ತಮ್ಮ ಹಲ್ಲಿನೊಳಗೆ ಮೊಳಗುವ ಸದ್ದೇ ಹೆಚ್ಚು ಕೇಳುತ್ತದೆ. ಇನ್ನೊಬ್ಬರು ಪಕ್ಕದ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತು ತೀರ್ಪು ಕೊಡಬೇಕು. “ಪರವಾಗಿಲ್ಲ ಅಂದ್ರ ಗ್ವಾಡಿಗಿ ಒಂದು ಪೆಟ್ಟು. ಛಲೋ ಅಂದ್ರ ಎರಡು. ಸತ್ತದ್ದಕ್ಕ ಏನೂ ಇಲ್ಲ,” ಎಂದು ಹೇಳಿ ಒಳಗೆ ಹೋಗಿ ಕೂತರು.

ಮೊದಲನೆಯ ಓಬೋದ ಮೇಲಿನ ತುಂಡಿನಲ್ಲಿ ಕೂದಲೆಳೆಯಷ್ಟು ಸೀಳು, ಅಂಟು ಹಾಕಿ ಮುಚ್ಚಿತ್ತು. ಕೆಳಗಿನ ಸ್ವರಗಳಲ್ಲಿ ಗಾಳಿ ಸೋರುತ್ತಿತ್ತು. ಗೋಡೆ ಸುಮ್ಮನಿತ್ತು. ನನಗೂ ಬೇಡವಾಗಿತ್ತು.

ಎರಡನೆಯದನ್ನು ಎತ್ತಿಕೊಂಡೆ. ಕೆಳಗಿನ ಸ್ವರಗಳಿಗೆ ಒಂದು ಪೆಟ್ಟು ಬಂತು. ನಿಧಾನ ಮೇಲೇರಿದೆ. ತುಟಿ ನಡುಗಿತು, ನನಗೆ ರೂಢಿ ತಪ್ಪಿತ್ತು, ಆದರೂ ಸ್ವರ ತೆಳ್ಳಗೆ, ನೇರವಾಗಿ, ಸೂಜಿಗೆ ಪೋಣಿಸಿದ ದಾರದಂತೆ ಬಂತು. ಶಾಲೆಯ ಓಬೋದಲ್ಲಿ ಆರು ವರ್ಷ ಬೇಡಿದರೂ ನನಗೆ ಅಂಥ ಸ್ವರ ಸಿಕ್ಕಿರಲಿಲ್ಲ. ಗೋಡೆ ಸುಮ್ಮನಿತ್ತು. ಇನ್ನೊಮ್ಮೆ ಊದಿದೆ. ಸುಮ್ಮನೆ. ಕೀಲಿಗಳ ಕೆಳಗಿನ ಮೆತ್ತೆಗಳ ನಡುವೆ ತೆಳು ಕಾಗದ ಇಟ್ಟು ಎಳೆದು ನೋಡಿದೆ, ಎಲ್ಲಿಯೂ ಅಂಟಲಿಲ್ಲ. ಮೂಸಿದೆ, ಎಣ್ಣೆಯ ಜಿಡ್ಡು ವಾಸನೆಯೂ ಇರಲಿಲ್ಲ. ನನ್ನ ಕಿವಿಯ ಬಗ್ಗೆಯೇ ಅನುಮಾನವಾಯಿತು.

ಹಾರ್ನಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಊದಿದೆ. ಮೊದಲ ಸ್ವರಕ್ಕೇ ಎರಡು ಪೆಟ್ಟು. ಮತ್ತೊಂದಕ್ಕೂ ಎರಡು. ಆ ದನಿ ನನ್ನ ಎದೆಯೊಳಗೆ ಎಲ್ಲೋ ಮೊದಲೇ ಇದ್ದದ್ದು, ಈಗ ಹೊರಗೆ ಬಂತು ಅನ್ನಿಸಿತು. ಮನೆಯಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಯಾರೂ ಇರುವುದಿಲ್ಲ. ಆ ಮೂರು ಗಂಟೆಗಳಿಗೆ ಇದೊಂದು ಸಾಕು ಅಂದುಕೊಂಡೆ.

ಅಷ್ಟರಲ್ಲಿ ಕಾಕು ಅಡುಗೆಮನೆಯ ಬಾಗಿಲಿಂದ ಕೈಸನ್ನೆ ಮಾಡಿ ಕರೆದರು.

“ತಂಗಿ, ಖರೇ ಹೇಳು. ಎರಡನೇದು ಹ್ಯಾಂಗ ಅದ?”

“ಏನೂ ಆಗಿಲ್ರಿ ಕಾಕು. ಭಾಳ ಛಲೋ ಅದ. ಅವರು ಯಾಕ...”

“ನನಗ ಗೊತ್ತದ.” ಅವರು ಒಲೆಯ ಉರಿ ಸಣ್ಣ ಮಾಡಿದರು. “ಕುಕ್ಕರ್ ಸೀಟಿ ಹೊಡದ್ರ ಅವರಿಗಿ ಕೇಳಸಂಗಿಲ್ಲ. ಗುಬ್ಬಿ ಚಿಂವ್ ಅಂದ್ರ ಕೇಳಸಂಗಿಲ್ಲ. ಮಾತು ತುಟಿ ನೋಡಿ ತಿಳಕೋತಾರ. ಎರಡು ವರ್ಷದ ಹಿಂದ ಒಂದಿನ ಊದಿ ಊದಿ, ‘ಮ್ಯಾಲಿನ ದನಿ ಬರವಲ್ದು, ಬರವಲ್ದು’ ಅಂತ ರೀಡ್ ಮ್ಯಾಲ ರೀಡ್ ಬದಲಿ ಮಾಡಾಕತ್ತಿದ್ರು. ನನಗ ನೋಡಾಕ ಆಗಲಿಲ್ಲ. ನಾ ಎಣ್ಣಿ ಹಚ್ಚಿದ್ದಕ್ಕ ಆಗಿರಬೇಕು ಅಂದುಬಿಟ್ಟೆ.”

“ಎಣ್ಣಿ ಹಚ್ಚಿದ್ದು ಖರೇ ಏನ್ರಿ?”

“ಹಚ್ಚಿದ್ದು ಖರೇ. ಹದಿನೈದು ವರ್ಷದಿಂದ ಹಚ್ಚಾಕತ್ತೀನಿ. ಕೀಲಿಗಿ ಒಂದು ಹನಿ, ಮರುದಿನ ಒರಸಿ ಇಡ್ತೀನಿ. ಅವರಿಗಿ ಕಂಡದ್ದು ಆ ವರ್ಷ ಒಂದೇ.”

ಹಾರ್ನಿನ ವಿಚಾರ ನಾನೇ ಕೇಳಿದೆ. ಅದನ್ನು ದಿನವೂ ಸಂಜೆ ಐದಕ್ಕೆ ಊದುತ್ತಾರಂತೆ. ಅದರ ದಪ್ಪ ದನಿಯೊಂದೇ ಅವರ ಕಿವಿಗೆ ಉಳಿದಿರುವುದು. “ಮತ್ತ ಅದನ್ನ ಯಾಕ ಕೊಡ್ತಾರ್ರಿ?” ಅಂದೆ. “ಕೆಟ್ಟ ವಾದ್ಯ ಮಂದಿ ಕೈಯಾಗ ಇಡಬಾರದು ಅಂತ ಫೌಜಿ ಹಟ. ಬ್ಯಾಡ ಅಂದ್ರ ಯಾಕ ಅಂತಾರ. ಯಾಕ ಅಂತ ನಾ ಹ್ಯಾಂಗ ಹೇಳಲಿ?” ಕಾಕು ನನ್ನನ್ನು ಏನೂ ಬೇಡಲಿಲ್ಲ. ತಟ್ಟೆಗಳನ್ನು ಒರೆಸಿ ಇಟ್ಟರು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸುಬೇದಾರರು ಉತ್ಸಾಹದಿಂದ ಹಾರ್ನಿನ ಬಗ್ಗೆ ಹೇಳುತ್ತಲೇ ಇದ್ದರು: ಬಿಸಿಲಲ್ಲಿ ಇಡಬೇಡಿ, ಊದಿದ ಮೇಲೆ ರೇಷ್ಮೆ ಬಟ್ಟೆ ಎಳೆಯಿರಿ, ಫ್ಯಾನಿನ ಕೆಳಗೆ ಊದಬೇಡಿ. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರು ಎದ್ದು ನಿಂತು ಒಪ್ಪಿಕೊಳ್ಳಬೇಕಿತ್ತು; ನಾನು ನಿಂತದ್ದು ಎರಡೇ ಸಲ. ಕೈ ತೊಳೆದು ಬಂದು ಅವರ ಎದುರಿಗೆ ಕೂತೆ. ಅವರಿಗೆ ತುಟಿ ಸರಿಯಾಗಿ ಕಾಣಲಿ ಎಂದು ಮುಖವನ್ನು ಬೆಳಕಿಗೆ ತಿರುಗಿಸಿದೆ.

“ಕಾಕಾ, ಹಾರ್ನು ನನಗ ಭಾರ ಆಗ್ತದ್ರಿ. ಹೆಬ್ಬೆರಳು ನೋಯ್ತದ. ಎರಡನೇದು ಕೊಡ್ರಿ.”

“ಸತ್ತದ್ದು ಒಯ್ದು ಏನ್ ಮಾಡ್ತೀರಿ?”

“ಹೈದರಾಬಾದಿನ್ಯಾಗ ಎಣ್ಣಿ ತಗಸ್ತೀನಿ. ರಿಪೇರಿ ಆದ್ರೂ ಆಗಬಹುದು.”

ಅವರು ಬಹಳ ಹೊತ್ತು ನನ್ನ ಹೆಬ್ಬೆರಳನ್ನು ನೋಡಿದರು. ಆಮೇಲೆ ಹಾರ್ನಿನ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೇಗನೆ ಎಳೆದುಕೊಂಡರು. ಕೆಟ್ಟದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ನನ್ನ ಹಣದ ಲಕೋಟೆಯನ್ನು ಮುಟ್ಟಲೇ ಇಲ್ಲ. “ನೋಡಿದೇನು?” ಎಂದು ಹೆಂಡತಿಗೆ ಹೇಳಿದರು, “ನೀ ಕೊಂದದ್ದಕ್ಕ ಈ ತಾಯಿ ದವಾಖಾನಿ ಹುಡುಕಬೇಕಾತು.”

ಕೊತ್ತಂಬರಿ ತರುವ ನೆಪದಲ್ಲಿ ಕಾಕು ಆಟೋ ನಿಲ್ಲುವ ತಿರುವಿನವರೆಗೆ ಬಂದರು. ಎಷ್ಟು ದಿನ ಹೀಗೆ ಬೈಸಿಕೊಳ್ಳುತ್ತೀರಿ ಎಂದು ನಾನು ಕೇಳಿದೆ.

“ಬೈಲಿ ಬಿಡು. ಕಿವಿ ಹೋಗ್ಯದ ಅಂತ ಗೊತ್ತಾದ್ರ ಹಾರ್ನೂ ಕೆಳಗಿಡ್ತಾರ, ಬೈಯೋದೂ ಬಿಡ್ತಾರ. ಮನ್ಯಾಗ ಮತ್ತ ಏನ್ ಸಪ್ಪಳ ಇರ್ತದ?” ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ಅವರು ಕೊತ್ತಂಬರಿ ಕೊಳ್ಳದೆ ಬರಿಗೈಯಲ್ಲಿ ಮನೆಯ ಕಡೆ ನಡೆಯುತ್ತಿದ್ದರು.

ಮೂರೂವರೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದರಲ್ಲಿ ಏನಿದೆ ಎಂದು ದಾರಿಯುದ್ದಕ್ಕೂ ಯಾರೂ ಕೇಳಲಿಲ್ಲ. ಮನೆಗೆ ಬಂದು ಊದಿದಾಗ ಯಜಮಾನರು ಚಹಾ ಮುಗಿಯುವವರೆಗೆ ಕೂತು ಕೇಳಿದರು. “ಛಲೋ ಅದ,” ಎಂದು ನಯವಾಗಿ ಹೇಳಿ ಅಂಗಡಿಗೆ ಹೋದರು. ಮರುದಿನ ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕಿ ಮತ್ತೆ ಊದಿದೆ. ಸ್ವರ ಗೋಡೆಯಿಂದ ಗೋಡೆಗೆ ಹೋಗಿ ನನ್ನ ಹತ್ತಿರಕ್ಕೇ ವಾಪಸು ಬಂತು.

ಎಂಟು ದಿನದ ಮೇಲೆ ಮಾಣಿಕನಗರದಿಂದ ಫೋನು ಬಂತು, ಮುಖ ಕಾಣುವ ಕರೆ. ಹಿಡಿದುಕೊಂಡವರು ಕಾಕು, ಮುಂದೆ ಸುಬೇದಾರರು.

“ದನಿ ಬಂತೇನ್ರಿ ತಾಯಿ? ಕೇಳಸ್ರಿ.”

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅವರು ಕೆತ್ತಿಕೊಟ್ಟ ರೀಡ್ ನೆನೆಸಿ, ಮೇಲಿನ ಸ್ವರವನ್ನು ಉಸಿರು ಇರುವಷ್ಟು ಹೊತ್ತು ಹಿಡಿದೆ. ಇಷ್ಟು ವರ್ಷಗಳಲ್ಲಿ ಕೇಳಿಸು ಎಂದು ತಾವಾಗಿ ಕೇಳಿದವರು ಇವರೊಬ್ಬರೇ. ಅವರು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ನಾನು ನಿಲ್ಲಿಸಿದ ಮೇಲೂ ಕಾಯುತ್ತಿದ್ದರು.

“ಇನ್ನೂ ಇಲ್ರಿ,” ಅಂದರು ಕೊನೆಗೆ. “ಎಣ್ಣಿ ಭಾಳ ಒಳಗ ಹೋಗ್ಯದ.”

ಅವರು ಕಣ್ಣು ತೆರೆಯುವವರೆಗೆ ನಾನು ಕಾದೆ. ಆಮೇಲೆ ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದೆ: “ಹೌದ್ರಿ ಕಾಕಾ. ಇನ್ನ ಸ್ವಲ್ಪ ದಿನ ಬೇಕು.”